ಸಹಪಾಠಿ ಸ್ಮರಣೆ
(ಪುತ್ತೂರು, ಸುಳ್ಯ, ಕಡಬ ಸೀಮೆಗಳ ಚರಿತ್ರೆಯಲ್ಲೊಂದು ಪ್ರಕರಣ)

ಶ್ರೀಮಠದ ಮಹೋತ್ಸವದ ಸ್ಮಾರಕವಾಗಿ ಹೊರಡುವ ಈ ಸಂಪುಟಕ್ಕೆ ಚರಿತ್ರಾವಿಷಯಕವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಪೂಜ್ಯ ಶ್ರೀಗಳವರ ಅಪ್ಪಣೆಯಾದಾಗ, ಪೀಠದ ಪರಂಪರೆ, ಶಾಸನಗಳು, ಓಲೆಯ ಪ್ರತಿಗಳು ಮುಂತಾದ ವಿಷಯಗಳನ್ನು ನನಗಿಂತ ಬಲ್ಲ ವಿದ್ವಾಂಸರು ಆಗಲೇ ಕೈಗೆತ್ತಿಕೊಂಡಿದ್ದರು. ಉಳಿದುದು ಯಾವುದೆಂದು ನಾನು ತೊಳಲುತ್ತಿರುವುದನ್ನು ಕಂಡು, ನಾನು ಬಾಲ್ಯವನ್ನು ಕಳೆದ ಘಟ್ಟದ ಕೆಳಗಿನ ಸೀಮೆಯ ವಿಚಾರವಾಗಿ ಬರೆಯಬಹುದೆಂದು ಶ್ರೀಗಳವರೇ ದಾರಿ ತೋರಿದರು. ಆ ಸೀಮೆಯ ವಿಚಾರವೆಂದೊಡನೆ ನನ್ನ ಮನಸ್ಸಿಗೆ ಬಂದುದು ದೇವಾಲಯವೂ ಅಲ್ಲ, ಕೋಟೆಯೂ ಅಲ್ಲ. ಪ್ರೌಢಶಾಲೆಯೊಂದರ ದಾಖಲಾತಿ ಪುಸ್ತಕ. ಇದು ಚರಿತ್ರೆಯೇ ಎಂದು ಸಂಶಯಪಡುವ ವಾಚಕರು ಕೊಂಚ ತಾಳ್ಮೆಯಿಂದ ಮುಂದೆ ಓದಬೇಕೆಂದು ವಿಜ್ಞಾಪಿಸಿಕೊಳ್ಳುತ್ತೇನೆ.

ನಮ್ಮ ಮನೆತನವು ಕೊಡಗಿನ ಶನಿವಾರಸಂತೆಯ ಕಡೆಯದು. ತಂದೆಯವರು ಅರಣ್ಯ ಇಲಾಖೆಯ ಕೆಳದರ್ಜೆಯ ನೌಕರರಾಗಿ ಕುಮಾರಧಾರೆಯ ದಂಡೆಗೆ ವರ್ಗವಾಗಿ ಬಂದುದರಿಂದ ನಾನು 1982ರ ಜೂನ್ ತಿಂಗಳಲ್ಲಿ ಅಲ್ಲಿಯ ಪ್ರೌಢಶಾಲೆಯೊಂದರ ಎಂಟನೆಯ ತರಗತಿಗೆ ಸೇರಿದೆನು. 1984ರಲ್ಲಿ ಒಂಬತ್ತನೆಯ ತರಗತಿಯು ಮುಗಿದೊಡನೆ ಶ್ರೀಮಠದ ಪಾಠಶಾಲೆಗೆ ಬಂದೆನು. ಆ ಬಳಿಕ ಮೂವತ್ತೊಂಬತ್ತು ವರ್ಷಗಳ ಕಾಲ ಆ ಕಡೆಗೆ ತಿರುಗಿ ನೋಡಿದವನಲ್ಲ. 2023ರ ಡಿಸೆಂಬರಿನಲ್ಲಿ ಹಳೆಯ ಸಹಪಾಠಿಗಳು ಒಂದೆಡೆ ನೆರೆದು, ಹೇಗೋ ವಿಳಾಸವನ್ನು ಪತ್ತೆಮಾಡಿ ನನ್ನನ್ನೂ ಕರೆಸಿಕೊಂಡರು. ಅಂದು ಸಭೆಯು ಪ್ರಾರಂಭವಾಗುವುದಕ್ಕೆ ಮುನ್ನ, ನಮ್ಮಲ್ಲಿ ಒಬ್ಬಾಕೆಯು ಎದ್ದು ನಿಂತು ತೀರಿಹೋದವರ ಹೆಸರುಗಳನ್ನು ಓದಿದಳು. ಮೂವತ್ತೆಂಟು ಮಂದಿಯ ತರಗತಿ; ಹೆಸರುಗಳು ಒಂಬತ್ತು. ಆ ಒಂಬತ್ತರಲ್ಲಿ ನಾಲ್ವರ ಮುಖಗಳು ನನ್ನ ನೆನಪಿಗೆ ಬರಲಿಲ್ಲ. ನೂರಾರು ವಚನಗಳನ್ನೂ ಅಮರಕೋಶದ ವರ್ಗಗಳನ್ನೂ ಬಾಯಿಪಾಠ ಹೇಳಬಲ್ಲ ನನಗೆ, ಎರಡು ವರ್ಷ ಒಂದೇ ಕೋಣೆಯಲ್ಲಿ ಕುಳಿತವರ ಮುಖವು ನೆನಪಿಲ್ಲದೆ ಹೋದುದು ಸಭೆಯಲ್ಲಿ ತಲೆ ತಗ್ಗಿಸುವಂತಾಯಿತು.

ಈ ಸೀಮೆಯು ಮರೆಯುವ ಸೀಮೆಯೇನೂ ಅಲ್ಲ. ಇಲ್ಲಿಯ ಜನರು ಗತಿಸಿದ ವೀರರನ್ನು ದೈವವಾಗಿ ಕಂಡು, ವರ್ಷಕ್ಕೊಮ್ಮೆ ನೇಮದಲ್ಲಿ ಅವರ ಕಥೆಯನ್ನು ಪಾಡ್ದನವಾಗಿ ಹಾಡಿಸಿ ಕೇಳುವವರು. ಆದರೆ ಯಾರನ್ನು ನೆನೆಯಬೇಕು, ಎಷ್ಟು ಕಾಲದ ಮೇಲೆ ನೆನೆಯಬೇಕು ಎಂಬುದಕ್ಕೆ ಇಲ್ಲಿಯೇ ಒಂದು ದೊಡ್ಡ ದೃಷ್ಟಾಂತವುಂಟು. ವೀರಶೈವರಾದ ಹಾಲೇರಿ ಅರಸರ ಆಳ್ವಿಕೆಗೆ ಒಳಪಟ್ಟಿದ್ದ ಅಮರಸುಳ್ಯ, ಪುತ್ತೂರು ಸೀಮೆಗಳು, 1834ರಲ್ಲಿ ಕೊಡಗು ಕಂಪೆನಿ ಸರಕಾರದ ವಶವಾದ ಮೇಲೆ, ಕೆನರಾ ಜಿಲ್ಲೆಗೆ ಸೇರಿಸಲ್ಪಟ್ಟವು. ಅದುವರೆಗೆ ಧಾನ್ಯರೂಪವಾಗಿ ಕಂದಾಯವನ್ನು ಸಲ್ಲಿಸುತ್ತಿದ್ದ ರೈತರು ಇನ್ನು ಮುಂದೆ ನಗದಾಗಿ ತೆರಬೇಕಾಯಿತು. ಈ ಸಂಕಟದಿಂದ 1837ರಲ್ಲಿ ಎದ್ದ ದಂಗೆಯೇ ಅಮರಸುಳ್ಯದ ದಂಗೆ, ಅಥವಾ ಕಲ್ಯಾಣಸ್ವಾಮಿಯ ಕಾಟಕಾಯಿ. ಪುಟ್ಟಬಸಪ್ಪನೆಂಬಾತನು ಹಾಲೇರಿ ವಂಶದ ಕಲ್ಯಾಣಸ್ವಾಮಿಯ ಹೆಸರನ್ನು ಧರಿಸಿ ಮುಂದಾಳಾದನು. ಕೆದಂಬಾಡಿ ರಾಮಯ್ಯಗೌಡ, ಗುಡ್ಡೆಮನೆ ಅಪ್ಪಯ್ಯಗೌಡ ಮೊದಲಾದವರು ಜೊತೆಗೂಡಿದರು. ಬೆಳ್ಳಾರೆಯ ಖಜಾನೆಯು ವಶವಾಯಿತು. ಪುತ್ತೂರು, ಪಾಣೆಮಂಗಳೂರುಗಳ ಮಾರ್ಗವಾಗಿ ನಡೆದ ದಂಡು ಏಪ್ರಿಲ್ 5ರಂದು ಮಂಗಳೂರನ್ನು ಹಿಡಿದು ಹದಿಮೂರು ದಿನ ಇಟ್ಟುಕೊಂಡಿತು. ಆಮೇಲೆ ನಡೆದುದು ವಿದಿತವೇ ಇದೆ: ನಾಯಕರಲ್ಲಿ ಹಲವರು ಗಲ್ಲಿಗೇರಿದರು, ಅಪ್ಪಯ್ಯಗೌಡನಿಗೆ ಮಡಿಕೇರಿಯ ಕೋಟೆಯಲ್ಲಿ ಆ ವರ್ಷದ ಅಕ್ಟೋಬರ್ 31ರಂದು ಮರಣವಾಯಿತು. ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯಗೌಡನ ಕಂಚಿನ ಪ್ರತಿಮೆಯು ಸ್ಥಾಪನೆಯಾದುದು 2022ರಲ್ಲಿ. ಎಂದರೆ ನೂರ ಎಂಬತ್ತೈದು ವರ್ಷಗಳ ಮೇಲೆ. ನಾಯಕನ ಗತಿಯೇ ಇದಾದರೆ ಅವನ ಹಿಂದೆ ಬಿದಿರಬಡಿಗೆಯನ್ನು ಹಿಡಿದು ನಡೆದವರ ಗತಿಯನ್ನು ಹೇಳಬೇಕಾದುದೇನು?

ಇನ್ನು ಶಾಲೆಯ ವಿಷಯಕ್ಕೆ ಬರೋಣ. ಈ ಸೀಮೆಯಲ್ಲಿ ಪ್ರೌಢಶಾಲೆಯೆಂಬುದು ಬಹು ಈಚಿನದು. ಮೊಳಹಳ್ಳಿ ಶಿವರಾಯರು (1880-1967) ಪುತ್ತೂರಿನಲ್ಲಿ ವಕೀಲಿಯನ್ನು ಮಾಡುತ್ತ, 1909ರಲ್ಲಿ ಸಹಕಾರ ಸಂಘವನ್ನೂ 1914ರಲ್ಲಿ ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕನ್ನೂ ಅಲ್ಲಿಯೇ ಪ್ರಾರಂಭಿಸಿದವರು. ಅದೇ ದಶಕದಲ್ಲಿ ಕೊಂಬೆಟ್ಟಿನ ಬೋರ್ಡ್ ಹೈಸ್ಕೂಲು ಏಳುವುದಕ್ಕೂ ಅವರೇ ಮುಖ್ಯ ಕಾರಣರು. ಸಾಲವನ್ನು ಹೇಗೆ ತೀರಿಸಬೇಕೆಂಬುದನ್ನು ತಂದೆಗೆ ಕಲಿಸಿದ ಮೇಲೆ ಮಗನಿಗೆ ಲೆಕ್ಕವನ್ನು ಕಲಿಸದಿದ್ದರೆ ಪ್ರಯೋಜನವಿಲ್ಲವೆಂದು ಅವರು ಕಂಡುಕೊಂಡಿದ್ದರೆಂದು ನಾನು ಊಹಿಸುತ್ತೇನೆ. ಆದರೆ ಪುತ್ತೂರಿನ ಶಾಲೆಯು ಪುತ್ತೂರಿನ ಸುತ್ತಿನವರಿಗೆ ಸಮೀಪ. ಸುಬ್ರಹ್ಮಣ್ಯದ ಕಾಡಿನಂಚಿನ ಹುಡುಗನಿಗೆ ಅದೂ ಪರದೇಶವೇ. ಮಳೆಗಾಲದಲ್ಲಿ ಹೊಳೆಗಳು ತುಂಬಿದರೆ ನಾಲ್ಕು ತಿಂಗಳು ಊರಿಗೂ ಶಾಲೆಗೂ ಸಂಬಂಧವಿಲ್ಲ. ಆದುದರಿಂದ ಓದಬೇಕೆಂಬ ಹಂಬಲವಿದ್ದವರು ಬಂಧುಗಳ ಮನೆಯಲ್ಲಿಯೋ ಊಟದ ಮನೆಗಳಲ್ಲಿಯೋ ನಿಂತು ದೂರದ ಊರುಗಳಲ್ಲಿ ಓದುತ್ತಿದ್ದರು.

ಹಾಗೆ ಹೋದವರಲ್ಲಿ ಒಬ್ಬರನ್ನು ಕನ್ನಡಿಗರೆಲ್ಲರೂ ಬಲ್ಲರು. ಕುಳ್ಕುಂದ ಶಿವರಾಯರು, ನಿರಂಜನರೆಂಬ ಕಾವ್ಯನಾಮದಿಂದ ಪ್ರಸಿದ್ಧರಾದವರು, 1924ರ ಜೂನ್ 15ರಂದು ಸುಬ್ರಹ್ಮಣ್ಯದ ಸಮೀಪದ ಕುಳ್ಕುಂದದಲ್ಲಿ ಜನಿಸಿದರು. ಈ ಗ್ರಾಮವೊಂದರ ಚರಿತ್ರೆಯೇ ಲೇಖನದ ಶಿರೋನಾಮೆಯಲ್ಲಿರುವ ಮೂರು ಹೆಸರುಗಳನ್ನೂ ಒಳಗೊಂಡಿದೆ: ಮೊದಲು ಅದು ಪುತ್ತೂರಿನ ಆಡಳಿತಕ್ಕೆ ಸೇರಿತ್ತು, 1960ರ ದಶಕದಲ್ಲಿ ಸುಳ್ಯವು ಪ್ರತ್ಯೇಕ ತಾಲೂಕಾದಾಗ ಸುಳ್ಯಕ್ಕೆ ಸೇರಿತು, 2018ರಲ್ಲಿ ಕಡಬ ತಾಲೂಕಾದಾಗ ಕಡಬಕ್ಕೆ ಸೇರಿತು. ಊರು ಅಲ್ಲಿಯೇ ನಿಂತಿದೆ, ಕಚೇರಿಗಳು ತಿರುಗುತ್ತಿವೆ. ಅದಿರಲಿ. ಶಿವರಾಯರು ಸುಳ್ಯದಲ್ಲಿ ಓದಿ, ಪ್ರೌಢಶಿಕ್ಷಣಕ್ಕಾಗಿ ನೀಲೇಶ್ವರದ ರಾಜಾಸ್ ಹೈಸ್ಕೂಲಿಗೆ ಹೋದರು. ನೀಲೇಶ್ವರವು ಆಗ ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿಗೆ ಸೇರಿದ್ದುದು. 1956ರಲ್ಲಿ ರಾಜ್ಯಗಳು ಪುನರ್ವಿಂಗಡಣೆಯಾದಾಗ ಪುತ್ತೂರು ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಸೇರಿ ಹೋದವು.

ನೀಲೇಶ್ವರದಿಂದ ಅನತಿದೂರದಲ್ಲಿ ಹೊಳೆಯ ದಡದ ಕಯ್ಯೂರೆಂಬ ಗ್ರಾಮದಲ್ಲಿ 1941ರ ಮಾರ್ಚ್ ತಿಂಗಳಲ್ಲಿ ರೈತರ ಮೆರವಣಿಗೆಯ ಸಂದರ್ಭದಲ್ಲಿ ಒಬ್ಬ ಪೊಲೀಸನು ಹೊಳೆಯಲ್ಲಿ ಮುಳುಗಿ ಸತ್ತನು. ಅದರ ಪರಿಣಾಮವಾಗಿ ನಡೆದ ಮೊಕದ್ದಮೆಯಲ್ಲಿ ಮಠತ್ತಿಲ್ ಅಪ್ಪು, ಕೋಯಿತ್ತಾಟ್ಟಿಲ್ ಚಿರುಕಂಡನ್, ಪೊಡವರ ಕುಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್ ಎಂಬ ನಾಲ್ವರು ತರುಣರಿಗೆ 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಾಯಿತು. ಅವರು ರೈತಾಪಿ ಮನೆಗಳ ಮಕ್ಕಳು. ನಿರಂಜನರೊಡನೆ ಒಂದೇ ಬೆಂಚಿನಲ್ಲಿ ಕುಳಿತವರಲ್ಲ. ಆದರೆ ಒಬ್ಬ ಹುಡುಗನು ಪ್ರಾಯಕ್ಕೆ ಬರುವ ಹೊತ್ತಿನಲ್ಲಿ, ಅವನು ಓದಿದ ಶಾಲೆಯ ನೆರೆಯಲ್ಲಿಯೇ ನಡೆದ ಸಂಗತಿ ಇದು. 1955ರಲ್ಲಿ ಅವರು ಆ ನಾಲ್ವರ ಕಥೆಯನ್ನು ಕಾದಂಬರಿಯಾಗಿ ಬರೆದು ‘ಚಿರಸ್ಮರಣೆ’ಯೆಂದು ಹೆಸರಿಟ್ಟರು, ಅಮರಸುಳ್ಯದ ದಂಗೆಯನ್ನು ಕುರಿತು ‘ಕಲ್ಯಾಣಸ್ವಾಮಿ’ಯನ್ನೂ ಬರೆದರು. ಒಂದರಲ್ಲಿ ಹುಟ್ಟಿದೂರಿನ ಸತ್ತವರು, ಇನ್ನೊಂದರಲ್ಲಿ ಓದಿದೂರಿನ ಸತ್ತವರು. ಅವರ ರಾಜಕೀಯ ಮತವು ನಮ್ಮ ಮಠದ ಭಕ್ತರಿಗೆ ಒಪ್ಪಿಗೆಯಾಗಲೇಬೇಕೆಂದಿಲ್ಲ. ನನಗೂ ಎಲ್ಲವೂ ಒಪ್ಪಿಗೆಯಿಲ್ಲ. ಆದಾಗ್ಯೂ ಹನ್ನೆರಡು ವರ್ಷಗಳೊಳಗೆ ಒಬ್ಬನು ತನ್ನ ನೆರೆಯ ಸತ್ತವರಿಗೆ ಮಾಡಿದ ಈ ಋಣಸಂದಾಯವನ್ನು, ನೂರ ಎಂಬತ್ತೈದು ವರ್ಷಗಳ ಮೇಲೆ ಎದ್ದ ಕಂಚಿಗೆ ಹೋಲಿಸಿದರೆ, ಸ್ಮರಣೆಯ ಕೆಲಸವು ಕಂಡವರದು, ಕಂಡವರು ಇರುವಾಗಲೇ ಆಗಬೇಕಾದುದು ಎಂಬುದು ತಿಳಿಯುತ್ತದೆ.

ನಮ್ಮ ತರಗತಿಯ ಒಂಬತ್ತು ಮಂದಿಗೆ ಗಲ್ಲಾಗಲಿಲ್ಲ, ದಂಗೆಯಲ್ಲಿ ಯಾರೂ ಮಡಿಯಲಿಲ್ಲ. ಎಲ್ಲರೂ ನಲವತ್ತು ದಾಟಿದ ಮೇಲೆ ಹಾಸಿಗೆಯಲ್ಲಿಯೋ ದಾರಿಯಲ್ಲಿಯೋ ತೀರಿದವರು. ಅಂತಹವರಿಗೆ ಕಾದಂಬರಿಯಿಲ್ಲ, ಪ್ರತಿಮೆಯಿಲ್ಲ. ಸಭೆಯ ಮರುದಿನ ಮುಖ್ಯೋಪಾಧ್ಯಾಯರು ಹಳೆಯ ದಾಖಲಾತಿ ಪುಸ್ತಕವನ್ನು ತೆಗೆಸಿ ನನ್ನ ಮುಂದಿಟ್ಟರು. ಗೆದ್ದಲು ಒಂದು ಮೂಲೆಯನ್ನು ತಿಂದಿತ್ತು; ಅಕ್ಷರವು ಉಳಿದಿತ್ತು. ಕ್ರಮಸಂಖ್ಯೆ, ಹೆಸರು, ತಂದೆಯ ಹೆಸರು, ಜನ್ಮದಿನ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ: ಇಷ್ಟು ಕಲಮುಗಳು. ಶಾಸನಗಳನ್ನು ಓದುವಾಗ ದಾನಿಯ ಹೆಸರು, ತಿಥಿ, ಎಲ್ಲೆಗಳನ್ನು ಹೇಗೆ ಪರೀಕ್ಷಿಸುತ್ತೇವೆಯೋ ಹಾಗೆಯೇ ನಾನು ಆ ಪುಟಗಳನ್ನು ಒಂದು ದಿನವೆಲ್ಲ ಪರೀಕ್ಷಿಸಿದೆನು.

ಒಬ್ಬನು ಗುಂಡ್ಯ ಹೊಳೆಯ ಆಚೆಯವನು. ಹೊಸ್ಮಠದಲ್ಲಿ ಆಗ ಇದ್ದುದು ಮುಳುಗುಸೇತುವೆ. ಆಷಾಢದ ಮಳೆ ಹಿಡಿದರೆ ನೀರು ಸೇತುವೆಯ ಮೇಲೆ ಹರಿಯುವುದು. ಅವನ ಹಾಜರಿಯ ಸಾಲಿನಲ್ಲಿ ಜುಲೈ ತಿಂಗಳು ಬಹುಮಟ್ಟಿಗೆ ಶೂನ್ಯ. ಮಾಸ್ತರರು ಗದರಿಸಿದರೆ, ಹೊಳೆಗೆ ಗದರಿಸಿ ಸ್ವಾಮಿ ಎಂದು ಒಮ್ಮೆ ಹೇಳಿ ಬೆಂಚಿನ ಮೇಲೆ ನಿಂತವನು. ಈಗ ಅಲ್ಲಿ ಎತ್ತರದ ಸೇತುವೆಯಾಗಿದೆ. ಅವನು ಬೆಳೆದ ಮೇಲೆ ಅಡಕೆಯ ಮರ ಹತ್ತುವ ಕಸಬನ್ನು ಹಿಡಿದನು. ಮೈಲುತುತ್ತನ್ನೂ ಸುಣ್ಣವನ್ನೂ ಕೂಡಿಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಒಮ್ಮೆ, ಬಳಿಕ ಮಳೆ ಬಿಟ್ಟ ಎಡೆಯಲ್ಲಿ ಮತ್ತೊಮ್ಮೆ ಗೊನೆಗೆ ಸಿಂಪಡಿಸದಿದ್ದರೆ ಕೊಳೆರೋಗವು ಇಡೀ ಫಸಲನ್ನು ಉದುರಿಸಿಬಿಡುತ್ತದೆ. ಕಾಲಿಗೆ ತಳೆ ಹಾಕಿಕೊಂಡು ಪಾಚಿ ಹಿಡಿದ ಮರವನ್ನು ಏರಿ, ಒಂದು ಮರದಿಂದ ಇನ್ನೊಂದು ಮರಕ್ಕೆ ಬಾಗಿ ಹಾಯುವವರು ಬೇಕೇ ಬೇಕು. ಹಾಗೆ ಹಾಯುವಾಗ ಬಿದ್ದು, ಆರು ವರ್ಷ ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ಮಲಗಿದ್ದು ತೀರಿಕೊಂಡನು. ನಮ್ಮ ಮಠದ ಪೂಜೆಯಲ್ಲಿ ತಾಂಬೂಲಕ್ಕೆ ಬರುವ ಅಡಕೆಯು ಇಂತಹ ಕೈಗಳಿಂದ ಇಳಿದು ಬಂದುದೆಂಬುದನ್ನು ಸದ್ಭಕ್ತರು ಗಮನಿಸಬೇಕು.

ಇನ್ನೊಬ್ಬನು ಸಂಪಾಜೆಯ ಕಡೆಯ ತೋಟದ ಮನೆಯವನು, ಅಜ್ಜಿಯ ಮನೆಯಲ್ಲಿ ನಿಂತು ಓದುತ್ತಿದ್ದವನು. ತರಗತಿಯಲ್ಲಿ ಶಾಯಿಪೆನ್ನು ಇದ್ದ ಇಬ್ಬರಲ್ಲಿ ಒಬ್ಬ. ಅಡಕೆಯ ಹಳದಿ ಎಲೆ ರೋಗವು ಆ ಭಾಗವನ್ನು ಹಿಡಿದ ಮೇಲೆ ಸೋಗೆಯು ಹಳದಿಯಾಗಿ, ಕಾಯಿಯ ತಿರುಳು ಕಪ್ಪಾಗಿ, ತೋಟವು ನಿಂತಂತೆಯೇ ಬಡವಾಯಿತು. ಇದಕ್ಕೆ ಈವರೆಗೆ ಪೂರ್ಣವಾದ ಔಷಧವು ಸಿಕ್ಕಿಲ್ಲ. ಅವನ ಅಂತ್ಯವನ್ನು ಸಭೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ. ಹುಡುಗಿಯರಲ್ಲಿ ತೀರಿದವರು ಮೂವರು. ಒಬ್ಬಾಕೆ ಕಿರಿಯ ಪ್ರಾಥಮಿಕ ಶಾಲೆಯ ಅಧ್ಯಾಪಿಕೆಯಾಗಿದ್ದು 2021ರ ಮೇ ತಿಂಗಳಲ್ಲಿ ಕೊರೋನಾ ರೋಗದಿಂದ ಹೋದಳು. ದಹನಕ್ಕೆ ನಾಲ್ವರಿಗಿಂತ ಹೆಚ್ಚು ಜನ ಕೂಡಲಾಗಲಿಲ್ಲವಂತೆ. ಮಿಕ್ಕ ಇಬ್ಬರು ಮದುವೆಯಾಗಿ ಎಲ್ಲಿಗೆ ಹೋದರೆಂಬುದೇ ಹಲವರಿಗೆ ತಿಳಿಯದು; ಸತ್ತ ಸುದ್ದಿ ಮಾತ್ರ ತಿರುಗಿ ತವರಿಗೆ ಬಂದಿತ್ತು. ಉಳಿದವರಲ್ಲಿ ಒಬ್ಬನು ಮುಂಬಯಿಯ ಹೋಟೆಲಿನವನು, ಒಬ್ಬನು ಬಸ್ಸಿನ ಚಾಲಕ, ಒಬ್ಬನು ಪಂಚಾಯತಿಯ ಗುಮಾಸ್ತ. ಇವರನ್ನು ಕುರಿತು ನನಗೆ ಹೆಚ್ಚು ನೆನಪಿಲ್ಲವೆಂದು ಒಪ್ಪಿಕೊಳ್ಳುವುದೇ ಸತ್ಯ.

ಒಂಬತ್ತನೆಯವನ ವಿಷಯದಲ್ಲಿ ಮಾತ್ರ ನಾನು ಸಾಕ್ಷಿಯೂ ಅಹುದು, ಅಪರಾಧಿಯೂ ಅಹುದು.

1964ರಲ್ಲಿ ಭಾರತದ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರಿಗೂ ಸಿಂಹಳದ ಪ್ರಧಾನಿ ಸಿರಿಮಾವೋ ಬಂಡಾರನಾಯಕೆಯವರಿಗೂ ಆದ ಒಪ್ಪಂದದ ಮೇರೆಗೆ, ಆ ದ್ವೀಪದ ಚಹಾ ತೋಟಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ ಲಕ್ಷಾಂತರ ತಮಿಳರು ಭಾರತಕ್ಕೆ ಕಳುಹಿಸಲ್ಪಟ್ಟರು. ಅವರಲ್ಲಿ ಕೆಲವು ಕುಟುಂಬಗಳಿಗೆ ಸುಳ್ಯ, ಪುತ್ತೂರು ಭಾಗದ ಸರಕಾರಿ ರಬ್ಬರು ತೋಟಗಳಲ್ಲಿ ಕೆಲಸವೂ ಸಾಲುಮನೆಗಳೂ ದೊರೆತವು. ಆ ಸಾಲುಮನೆಯಿಂದ ಬಂದು ನನ್ನ ಪಕ್ಕದಲ್ಲಿ ಕುಳಿತವನೇ ಅವನು. ಮನೆಯ ಮಾತು ತಮಿಳು, ಸಂತೆಯ ಮಾತು ತುಳು, ಶಾಲೆಯ ಮಾತು ಕನ್ನಡ. ನಾನೂ ಘಟ್ಟದ ಮೇಲಿನವನಾದುದರಿಂದ ತುಳು ಬಾರದೆ ನಗೆಗೀಡಾಗುತ್ತಿದ್ದೆ. ಹೊರಗಿನವರಿಬ್ಬರೂ ಒಂದೇ ಬೆಂಚಿಗೆ ಬಿದ್ದೆವು. ಅವನ ಕನ್ನಡ ಕೈಬರಹವು ನಮ್ಮೆಲ್ಲರಿಗಿಂತ ದುಂಡಾದುದು. ನಸುಕಿನಲ್ಲಿ ತಂದೆಯೊಡನೆ ರಬ್ಬರು ಮರಗಳಿಗೆ ಕತ್ತಿಯಿಟ್ಟು, ಚಿಪ್ಪುಗಳನ್ನು ಸರಿಪಡಿಸಿ, ಅನಂತರ ಶಾಲೆಗೆ ಬರುವನು. ಅಂಗೈಗೆ ಹಾಲಿನ ವಾಸನೆ. ನಾನು ಜ್ವರ ಹಿಡಿದು ಒಂದು ತಿಂಗಳು ಮಲಗಿದಾಗ ಆ ತಿಂಗಳ ಪಾಠವನ್ನೆಲ್ಲ ಬರೆದು ತಂದುಕೊಟ್ಟನು. ಆ ಪುಸ್ತಕವನ್ನು ನಾನು ಪಾಠಶಾಲೆಗೆ ಬರುವಾಗ ತಂದಿದ್ದೆ. ಎಷ್ಟೋ ವರ್ಷ ಇಟ್ಟುಕೊಂಡಿದ್ದು, ಒಂದು ಮಳೆಗಾಲದಲ್ಲಿ ಒದ್ದೆಯಾದುದರಿಂದ ಬಿಸುಟೆ.

2009ರಲ್ಲಿ, ಶ್ರೀಮಠದ ಜಾತ್ರೆಯ ಮರುದಿನ, ನನ್ನನ್ನು ಕೇಳಿಕೊಂಡು ಯಾರೋ ಬಂದಿರುವರೆಂದು ವಿದ್ಯಾರ್ಥಿಯೊಬ್ಬನು ಹೇಳಿದನು. ನಾನು ಆಗ ಪಾಠದಲ್ಲಿದ್ದೆ. ಹೆಸರನ್ನು ಕೇಳಿ ಯಾರೆಂಬುದು ತಿಳಿಯಿತು. ಪಾಠವು ಮುಗಿಯಲಿ, ಕುಳಿತಿರಲಿ ಎಂದೆನು. ಪಾಠದ ಮೇಲೆ ಪೂಜೆ, ಪೂಜೆಯ ಮೇಲೆ ದೂರದಿಂದ ಬಂದ ಭಕ್ತರೊಡನೆ ಮಾತು. ಸತ್ಯವನ್ನು ಹೇಳಬೇಕಾದರೆ ನನಗೆ ಮರೆತುಹೋಗಿರಲಿಲ್ಲ. ಹರಿದ ಅಂಗಿಯವನೊಬ್ಬನು ಎಲ್ಲರೆದುರಿಗೆ ನನ್ನ ಹುಡುಗತನದ ಅಡ್ಡಹೆಸರನ್ನು ಕರೆದಾನೆಂಬ ಅಳುಕಿತ್ತು. ಸಂಜೆ ಹೋಗಿ ನೋಡಿದರೆ ಅವನಿರಲಿಲ್ಲ. ದಾಸೋಹದಲ್ಲಿ ಪ್ರಸಾದವನ್ನು ಸ್ವೀಕರಿಸಿ, ಕಡೆಯ ಬಸ್ಸಿಗೆ ಹೊರಟನೆಂದರು. ಒಂದು ಬಾಟಲಿ ಕಾಡುಜೇನನ್ನು ನನ್ನ ಹೆಸರಿಗೆ ಬಿಟ್ಟುಹೋಗಿದ್ದನು. ಕಾಗದ ಬರೆಯೋಣವೆಂದುಕೊಂಡೆ, ವಿಳಾಸವನ್ನು ಯಾರೂ ಕೇಳಿಟ್ಟಿರಲಿಲ್ಲ. ಸಾಲುಮನೆಯ ವಿಳಾಸವು ನನಗೆ ಗೊತ್ತೇ ಇತ್ತು ಎಂಬುದನ್ನು ಇಲ್ಲಿ ಸೇರಿಸಬೇಕು. ಅವನು 2016ರಲ್ಲಿ ತೀರಿದನೆಂಬುದನ್ನು ಕೇಳಿದುದು ಆ ಡಿಸೆಂಬರಿನ ಸಭೆಯಲ್ಲಿ.

ನಮ್ಮ ಸಮಯದಲ್ಲಿ ಮೃತಸೂತಕವಿಲ್ಲ. ಲಿಂಗೈಕ್ಯರಿಗಾಗಿ ಶೋಕಿಸಲಾಗದು, ಶ್ರಾದ್ಧಾದಿ ಕರ್ಮಗಳಿಲ್ಲ. ಇದನ್ನು ನಾನು ಬಾಲಕರಿಗೆ ಮೂರು ದಶಕಗಳಿಂದ ಬೋಧಿಸುತ್ತ ಬಂದವನು. ಆದರೆ ಸೂತಕವಿಲ್ಲವೆಂಬುದನ್ನೇ ಹಿಡಿದು, ನೆನೆಯಬೇಕಾದುದೂ ಇಲ್ಲವೆಂದು ನನ್ನ ಅನುಕೂಲಕ್ಕೆ ತಕ್ಕಂತೆ ಅರ್ಥ ಮಾಡಿಕೊಂಡಿದ್ದೆನೆಂದು ಈಗ ಕಾಣುತ್ತದೆ. ಬಸವಣ್ಣನವರು ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ಹೆಸರೆತ್ತಿ ಬಂಧುಗಳೆಂದು ಕರೆದುಕೊಂಡರು. ಶರಣರ ಗೋಷ್ಠಿಯು ಕಲ್ಯಾಣದಿಂದ ಚದುರಿ ಹೆಚ್ಚುಕಡಿಮೆ ಮೂರು ಶತಮಾನಗಳಾದ ಮೇಲೆ, ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಶೂನ್ಯಸಂಪಾದನೆಯನ್ನು ಕಟ್ಟಿದಾಗ, ಗತಿಸಿದವರನ್ನು ಹೊಗಳಿ ದೂರ ನಿಲ್ಲಿಸಲಿಲ್ಲ. ಒಬ್ಬರೊಡನೊಬ್ಬರು ವಾದಿಸುವವರಾಗಿ, ಕೋಪಿಸುವವರಾಗಿ, ಕೇಳುವವರಾಗಿ ಕೂಡಿಸಿದನು. ಜೊತೆಯಲ್ಲಿ ಕುಳಿತವರ ಸ್ಮರಣೆಯು ನಮ್ಮ ಮಾರ್ಗಕ್ಕೆ ಹೊರಗಿನದಲ್ಲ. ಹೊರಗೆ ಕೂಡಿಸಿದವನು ನಾನು.

ಈಗ ಕಡಬ ತಾಲೂಕಿಗೆ ಸೇರಿದ ರಾಮಕುಂಜದಲ್ಲಿ 1931ರಲ್ಲಿ ಜನಿಸಿದ ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥರು 1938ರಲ್ಲಿ ಬಾಲಕರಾಗಿರುವಾಗಲೇ ಸಂನ್ಯಾಸವನ್ನು ಪಡೆದು, 2019ರಲ್ಲಿ ದೇಹವನ್ನು ಬಿಟ್ಟರು. ಅನ್ಯಸಂಪ್ರದಾಯದವರಾದರೂ ಅವರನ್ನು ನಾಡು ನೆನೆಯಿತು, ಯುಕ್ತವೇ. ಊರಿನ ಶಾಲೆಯಲ್ಲಿ ಅವರೊಡನೆ ಮಗ್ಗಿ ಹೇಳಿದ ಹುಡುಗರು ಯಾರು, ಏನಾದರು ಎಂದು ಕೇಳುವವರು ವಿರಳ. ಮಠಕ್ಕೆ ಹೋದವನ ಹೆಸರು ಉಳಿಯುತ್ತದೆ. ಊರಿನಲ್ಲಿ ಉಳಿದವನ ಹೆಸರು ಹೋಗುತ್ತದೆ. ನನ್ನಂತಹ ಅಲ್ಪನ ಹೆಸರು ಕೂಡ ಈ ಸಂಪುಟದ ಲೇಖಕರ ಪಟ್ಟಿಯಲ್ಲಿ ಅಚ್ಚಾಗುವುದಷ್ಟೆ.

ಶ್ರೀಗಳವರಲ್ಲಿ ಈ ಸಂಗತಿಯನ್ನೆಲ್ಲ ಅರಿಕೆ ಮಾಡಿಕೊಂಡು, ಕಳೆದ ಜಾತ್ರೆಯ ಮರುದಿನದ ದಾಸೋಹವನ್ನು ಆ ಒಂಬತ್ತು ಮಂದಿಯ ಹೆಸರಿನಲ್ಲಿ ನಡೆಸಲು ಅಪ್ಪಣೆಯನ್ನು ಪಡೆದೆನು. ಹೆಸರುಗಳನ್ನು ದಾಖಲಾತಿಯ ಕ್ರಮಸಂಖ್ಯೆಯಂತೆ ಓದಿದೆನು. ವಯಸ್ಸು, ಕುಲ, ಸ್ಥಿತಿಗತಿಗಳ ಕ್ರಮವಿಲ್ಲ. ಅವರ ಮನೆಯವರ ಅನುಮತಿಯನ್ನು ನಾನು ಕೇಳದಿರುವುದರಿಂದ ಹೆಸರುಗಳನ್ನು ಇಲ್ಲಿ ಅಚ್ಚು ಹಾಕಿಲ್ಲ. ಸಾಲುಮನೆಗೆ ಹೋಗಿ ಬಂದೆನು. ಅವನ ಮಗನು ಈಗ ಬೆಂಗಳೂರಿನಲ್ಲಿದ್ದಾನೆ, ಹೆಂಡತಿಯು ಅಲ್ಲಿಯೇ ಇದ್ದಾಳೆ. ಮಠದಲ್ಲಿ ಬಹಳ ಚೆನ್ನಾಗಿ ಊಟ ಹಾಕಿದರೆಂದು ಅವನು ಬಂದು ಹೇಳಿದ್ದನಂತೆ. ನನ್ನನ್ನು ಕಂಡೆನೆಂದು ಹೇಳಿದನೋ ಇಲ್ಲವೋ ಎಂದು ನಾನು ಕೇಳಲಿಲ್ಲ.

ದಾಖಲಾತಿ ಪುಸ್ತಕದಲ್ಲಿ ನಮ್ಮಿಬ್ಬರ ಸಾಲುಗಳು ಒಂದರ ಕೆಳಗೊಂದು ಇವೆ. ‘ಶಾಲೆ ಬಿಟ್ಟ ಕಾರಣ’ವೆಂಬ ಕಲಮಿನಲ್ಲಿ ನನ್ನ ಮುಂದೆ ‘ಮಠದ ಪಾಠಶಾಲೆಗೆ’ ಎಂದಿದೆ. ಅವನು ಹತ್ತನೆಯ ತರಗತಿಯ ನಡುವೆ ಬಿಟ್ಟಿದ್ದಾನೆ. ಕಾರಣದ ಕಲಮಿನಲ್ಲಿ ಏನನ್ನೂ ಬರೆದಿಲ್ಲ.